ಫೋಟೋಗಳು ನಾಸ್‌ನಲ್ಲಿರಲಿ, ಕ್ಯಾಟಲಾಗ್ ನಿಮ್ಮ ಕಂಪ್ಯೂಟರಿನಲ್ಲೇ ಇರಲಿ

ಲೈಟ್‌ರೂಮ್ ಕ್ಲಾಸಿಕ್ ಎಂಬ ಫೋಟೋ ಎಡಿಟ್ ತಂತ್ರಾಂಶದಲ್ಲಿ ಸುಮಾರು ಒಂದು ಲಕ್ಷ ಫೋಟೋಗಳಿವೆ, ಕಂಪ್ಯೂಟರಿನ ಡಿಸ್ಕ್ ತುಂಬಿ ಹೋಗಿದೆ, ಎರಡು ಡಿಸ್ಕ್‌ಗಳ ನಾಸ್ (ಮನೆಯ ನೆಟ್‌ವರ್ಕ್‌ಗೆ ಸೇರಿಸುವ ಡಿಸ್ಕ್ ಪೆಟ್ಟಿಗೆ) ಕೊಂಡಿದ್ದೇನೆ ಎಂದು ಬರೆದಿದ್ದೀರಿ. ಇನ್ನು ಕ್ಯಾಟಲಾಗ್ (ನಿಮ್ಮ ಎಡಿಟ್‌ಗಳನ್ನೆಲ್ಲ ಲೈಟ್‌ರೂಮ್ ಬರೆದಿಡುವ ಕಡತ) ಸಮೇತ ಎಲ್ಲವನ್ನೂ ಅದರಲ್ಲೇ ಇಟ್ಟು ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡರಿಂದಲೂ ಎಡಿಟ್ ಮಾಡಬಹುದೇ ಎಂಬುದು ನಿಮ್ಮ ಪ್ರಶ್ನೆ. ಫೋಟೋಗಳನ್ನು ಧೈರ್ಯವಾಗಿ ಇಡಿ. ಕ್ಯಾಟಲಾಗನ್ನು ಮಾತ್ರ ದಯವಿಟ್ಟು ಇಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಮಲೆನಾಡಿನಲ್ಲಿ ಮದುವೆ, ಉಪನಯನಗಳ ಫೋಟೋ ತೆಗೆಯುವವನು. ನೆಟ್‌ವರ್ಕ್ ಡಿಸ್ಕ್‌ನಲ್ಲಿರುವ ಕ್ಯಾಟಲಾಗನ್ನು ತೆರೆಯಲು ಲೈಟ್‌ರೂಮ್ ಕ್ಲಾಸಿಕ್ ತಾನಾಗಿಯೇ ನಿರಾಕರಿಸುತ್ತದೆ. ಆದರೆ ಆ ಡಿಸ್ಕನ್ನು ಸ್ಥಳೀಯ ಡ್ರೈವ್‌ನಂತೆ ತೋರಿಸಿ ತಂತ್ರಾಂಶವನ್ನು ನಂಬಿಸುವ ಅಡ್ಡದಾರಿಯೊಂದು ಸಿಕ್ಕಿತು, ಅದನ್ನೇ ಹಿಡಿದೆ. ಕೆಲವು ತಿಂಗಳು ಏನೂ ಆಗಲಿಲ್ಲ. ಆಷಾಢದ ಒಂದು ಸಂಜೆ ಗಾಳಿಮಳೆಗೆ ಕರೆಂಟ್ ಒಮ್ಮೆ ಹೋಗಿ ಬಂತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯಿತು, ನಾಸ್ ಮತ್ತು ರೂಟರ್ ಆರಿಹೋದವು. ಮತ್ತೆ ತೆರೆದಾಗ ಕ್ಯಾಟಲಾಗ್ ಕೆಟ್ಟಿದೆ ಎಂಬ ಸಂದೇಶ ಬಂತು, ದುರಸ್ತಿಯೂ ಆಗಲಿಲ್ಲ. ಕೈಯಲ್ಲಿದ್ದ ಬ್ಯಾಕಪ್ ಹನ್ನೊಂದು ದಿನ ಹಳೆಯದು. ಮೂಲ ಫೋಟೋಗಳೆಲ್ಲ ಸುರಕ್ಷಿತವಾಗಿದ್ದವು, ಆದರೆ ಒಂದು ಮದುವೆಯ ಆಯ್ಕೆ, ಬಣ್ಣ ತಿದ್ದುವಿಕೆ, ಕ್ರಾಪ್ ಎಲ್ಲವೂ ಅಳಿಸಿಹೋಗಿದ್ದವು. ಆಲ್ಬಮ್‌ಗಾಗಿ ಕಾಯುತ್ತಿದ್ದ ಮನೆಯವರಿಗೆ ಫೋನ್ ಮಾಡಿ ಇನ್ನೂ ಎರಡು ವಾರ ಬೇಕೆಂದು ಹೇಳಿದ ಆ ಕ್ಷಣ ಇವತ್ತಿಗೂ ನೋಯುತ್ತದೆ.

ಹೀಗೇಕೆ ಆಗುತ್ತದೆ ಎಂದರೆ, ಕ್ಯಾಟಲಾಗ್ ಎಂಬುದು ಒಳಗೆ ಒಂದು ಎಸ್‌ಕ್ಯೂಲೈಟ್ ದತ್ತಸಂಚಯ. ನೀವು ಒಂದು ಸ್ಲೈಡರ್ ಸರಿಸಿದರೂ, ಒಂದು ನಕ್ಷತ್ರ ಕೊಟ್ಟರೂ ಅದರಲ್ಲಿ ಸಣ್ಣ ಸಣ್ಣ ಬರಹಗಳು ನಡೆಯುತ್ತವೆ. ಬರೆಯುವಾಗ ಬೇರಾರೂ ಕೈ ಹಾಕದಂತೆ ಕಡತಕ್ಕೆ ಬೀಗ ಹಾಕಬೇಕು, ಬರೆದದ್ದು ನಿಜವಾಗಿಯೂ ಡಿಸ್ಕ್ ಸೇರಿದೆಯೆಂದು ಖಚಿತವಾಗಬೇಕು. ಕಂಪ್ಯೂಟರಿನೊಳಗಿನ ಡಿಸ್ಕ್‌ನಲ್ಲಿ ಈ ಎರಡೂ ಮಾತು ನಂಬಲರ್ಹ. ನೆಟ್‌ವರ್ಕ್ ಮೂಲಕ ಹೋದಾಗ ಬೀಗ ಸರಿಯಾಗಿ ಬೀಳದಿರಬಹುದು, ನಡುವೆ ಸಂಪರ್ಕ ಕಡಿದರೆ ಅರ್ಧ ಬರೆದ ಸ್ಥಿತಿಯಲ್ಲೇ ಕಡತ ಉಳಿಯಬಹುದು. ಎಸ್‌ಕ್ಯೂಲೈಟ್ ರೂಪಿಸಿದವರೇ ನೆಟ್‌ವರ್ಕ್ ಕಡತ ವ್ಯವಸ್ಥೆಗಳ ಬಗ್ಗೆ ಈ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಅಡ್ಡದಾರಿ ಹಿಡಿದರೆ ಲೈಟ್‌ರೂಮ್‌ನ ಬಾಯಿ ಮುಚ್ಚಿಸಬಹುದು, ಅಪಾಯ ಇದ್ದಲ್ಲೇ ಇರುತ್ತದೆ.

ಕ್ಯಾಟಲಾಗಿನ ಪಕ್ಕದಲ್ಲೇ ಪ್ರಿವ್ಯೂ ಚಿತ್ರಗಳ ದೊಡ್ಡ ಕಟ್ಟು ಇರುತ್ತದೆ. ನೀವು ಸಾಲುಸಾಲಾಗಿ ಫೋಟೋಗಳನ್ನು ಸರಿಸುತ್ತ ಹೋದಂತೆ ಅದರಿಂದ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುತ್ತದೆ. ನೆಟ್‌ವರ್ಕ್‌ನಲ್ಲಿ ಸಮಯ ತಿನ್ನುವುದು ಈ ಚಿಕ್ಕ ಓದುಗಳೇ, ಏಕೆಂದರೆ ಪ್ರತಿಯೊಂದಕ್ಕೂ ಹೋಗಿ ಬರುವ ಪ್ರಯಾಣ ಬೇಕು. ಆದ್ದರಿಂದ ಕ್ಯಾಟಲಾಗ್, ಪ್ರಿವ್ಯೂ ಮತ್ತು ಕ್ಯಾಮೆರಾ ರಾ ಕ್ಯಾಶ್ (ಈಚೆಗೆ ತೆರೆದ ಫೋಟೋಗಳ ತಾತ್ಕಾಲಿಕ ಸಂಗ್ರಹ) ಈ ಮೂರೂ ಕಂಪ್ಯೂಟರಿನ ಒಳಗಿನ ಅಥವಾ ಅದಕ್ಕೆ ನೇರವಾಗಿ ಚುಚ್ಚಿದ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್‌ನಲ್ಲೇ ಇರಬೇಕು.

ದೊಡ್ಡ ರಾ ಫೈಲುಗಳ, ಅಂದರೆ ಕ್ಯಾಮೆರಾ ಸೆರೆಹಿಡಿದ ಮೂಲ ಫೋಟೋ ಕಡತಗಳ, ಕಥೆ ಬೇರೆ. ಗಿಗಾಬಿಟ್ ಕೇಬಲ್‌ನ ಗರಿಷ್ಠ ವೇಗ ಸೆಕೆಂಡಿಗೆ 125 ಎಂಬಿ, ಕೈಗೆ ಸಿಗುವುದು ಸುಮಾರು 110. ನನ್ನ ಕ್ಯಾಮೆರಾದ ಒಂದು ರಾ ಫೈಲ್ 30 ಎಂಬಿ ಆಸುಪಾಸಿನದು. ಅದು ನಾಸ್‌ನಿಂದ ಬರಲು ಸೆಕೆಂಡಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಸಾಕು, ಒಮ್ಮೆ ಬಂದ ಮೇಲೆ ಸ್ಲೈಡರ್ ಕೆಲಸವೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲೇ ನಡೆಯುತ್ತದೆ. ಹಾಗಾಗಿ ಎಡಿಟ್ ಮಾಡುವಾಗ ನನಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಇದೆಲ್ಲ ಕೇಬಲ್ ಇದ್ದರೆ ಮಾತ್ರ. ವೈ-ಫೈನಲ್ಲಿ ಗೋಡೆ ಅಡ್ಡ ಬಂದರೂ ವೇಗ ಕುಸಿಯುತ್ತದೆ. ನಾಸ್‌ಗೆ ಎಷ್ಟೋ ಸಾವಿರ ಖರ್ಚು ಮಾಡಿದವರು ಒಂದು ಕೇಬಲ್ ಎಳೆಸಲು ಹಿಂಜರಿಯಬಾರದು. ರೂಟರಿನ ಪೋರ್ಟ್ ಗಿಗಾಬಿಟ್ ಹೌದೋ ಅಲ್ಲವೋ ಎಂದೂ ನೋಡಿ. ಇನ್ನೂ ಅನೇಕ ಮನೆಗಳಲ್ಲಿರುವ ಹಳೆಯ ರೂಟರ್‌ಗಳ ಪೋರ್ಟ್ 100 ಮೆಗಾಬಿಟ್‌ನದು, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ.

ಎರಡು ಕಂಪ್ಯೂಟರುಗಳ ಸಮಸ್ಯೆಗೆ ನಾನು ಕಂಡುಕೊಂಡ ದಾರಿ ಸರಳವಾದದ್ದು. ಕ್ಯಾಟಲಾಗನ್ನು ಜೇಬಿನಲ್ಲಿ ಹಿಡಿಯುವ ಒಂದು ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಇಟ್ಟಿದ್ದೇನೆ. ಯಾವ ಯಂತ್ರದಲ್ಲಿ ಕೆಲಸವೋ ಅದಕ್ಕೆ ಚುಚ್ಚುತ್ತೇನೆ. ಡಿಸ್ಕ್ ಒಂದೇ ಇರುವುದರಿಂದ ಎರಡೂ ಕಡೆ ಒಮ್ಮೆಗೇ ತೆರೆಯುವ ಭಯವಿಲ್ಲ. ವಿಂಡೋಸ್ ಆದರೆ ಎರಡೂ ಯಂತ್ರಗಳಲ್ಲಿ ನಾಸ್‌ಗೆ ಒಂದೇ ಡ್ರೈವ್ ಅಕ್ಷರ ಕೊಡಿ, ಇಲ್ಲದಿದ್ದರೆ ಪ್ರತಿ ಸಲವೂ ಫೋಟೋ ಕಾಣುತ್ತಿಲ್ಲ ಎಂಬ ಚಿಹ್ನೆ ಬರುತ್ತದೆ. ಹೊರಗೆ ಹೋಗುವಾಗ ನೆರವಿಗೆ ಬರುವುದು ಸ್ಮಾರ್ಟ್ ಪ್ರಿವ್ಯೂ. ಉದ್ದನೆಯ ಬದಿ 2560 ಪಿಕ್ಸೆಲ್ ಇರುವ, ಕುಗ್ಗಿಸಿದ ಡಿಎನ್‌ಜಿ (ರಾ ಫೋಟೋಗಳ ಒಂದು ಕಡತ ರೂಪ) ಅದು. ಚಾಲ್ತಿಯಲ್ಲಿರುವ ಕೆಲಸದ ಫೋಟೋಗಳಿಗೆ ಇವನ್ನು ಮಾಡಿಟ್ಟುಕೊಂಡರೆ ಬಸ್ಸಿನಲ್ಲಿ ಕುಳಿತೂ ಬಣ್ಣ ತಿದ್ದಬಹುದು. ಮನೆಗೆ ಬಂದು ನಾಸ್‌ಗೆ ಸೇರಿಕೊಂಡ ಕೂಡಲೇ ಆ ತಿದ್ದುಪಡಿಗಳು ಮೂಲ ಫೋಟೋಗೆ ಹೊಂದಿಕೊಳ್ಳುತ್ತವೆ. ಸೂಕ್ಷ್ಮವಾದ ಶಾರ್ಪ್‌ನೆಸ್ ಮತ್ತು ನಾಯ್ಸ್ ಕೆಲಸವನ್ನು ಮಾತ್ರ ಮೂಲ ಫೋಟೋ ಎದುರಿಗಿದ್ದಾಗ ಮಾಡಿ.

ಕ್ಯಾಟಲಾಗನ್ನು ಕ್ಲೌಡ್ ಫೋಲ್ಡರ್‌ನಲ್ಲಿಟ್ಟು ಎರಡೂ ಕಡೆ ಹೊಂದಿಸಿಕೊಳ್ಳಿ ಎಂದು ನಿಮಗೆ ಯಾರಾದರೂ ಸಲಹೆ ಕೊಡಬಹುದು. ಅಪ್‌ಲೋಡ್ ಮುಗಿಯುವ ಮೊದಲೇ ಇನ್ನೊಂದು ಕಡೆ ತೆರೆದರೆ ಎರಡು ಭಿನ್ನ ಕ್ಯಾಟಲಾಗ್‌ಗಳು ಹುಟ್ಟುತ್ತವೆ. ನಮ್ಮ ಕಡೆಯ ಇಂಟರ್‌ನೆಟ್ ವೇಗದಲ್ಲಿ ಅದು ಅಪರೂಪದ ಸಂಗತಿಯಲ್ಲ, ಆದ್ದರಿಂದ ನಾನು ಒಪ್ಪುವುದಿಲ್ಲ.

ಫೋಟೋಗಳನ್ನು ಸಾಗಿಸುವಾಗ ಆತುರ ಬೇಡ. ಲೈಟ್‌ರೂಮ್ ಮುಚ್ಚಿ, ಎಲ್ಲವನ್ನೂ ಒಳಗೊಂಡ ಮೇಲಿನ ಫೋಲ್ಡರ್ ಸಮೇತ ಇದ್ದ ಹಾಗೆಯೇ ನಾಸ್‌ಗೆ ನಕಲು ಮಾಡಿ. ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಎರಡೂ ಕಡೆ ತಾಳೆಯಾಗುತ್ತದೆಯೇ ನೋಡಿ. ಬಳಿಕ ಹಳೆಯ ಫೋಲ್ಡರಿನ ಹೆಸರು ಬದಲಿಸಿ, ಲೈಟ್‌ರೂಮ್ ತೆರೆದು, ಪ್ರಶ್ನಾರ್ಥಕ ಚಿಹ್ನೆ ಬಿದ್ದ ಮೇಲಿನ ಫೋಲ್ಡರಿಗೆ ಹೊಸ ಜಾಗವನ್ನು ತೋರಿಸಿ. ಒಳಗಿನವೆಲ್ಲ ಅದರ ಹಿಂದೆಯೇ ಬರುತ್ತವೆ. ಮತ್ತೆ ಆಮದು ಮಾಡಲು ಹೋಗಬೇಡಿ, ಮಾಡಿದರೆ ಅವು ಹಳೆಯ ಎಡಿಟ್ ಇಲ್ಲದ ಹೊಸ ಫೋಟೋಗಳಾಗಿ ಸೇರುತ್ತವೆ.

ನಾಸ್‌ಗೂ ರೂಟರಿಗೂ ಒಂದು ಯುಪಿಎಸ್ ಕೊಡಿಸಿ. ಯುಎಸ್‌ಬಿ ತಂತಿಯಿಂದ ನಾಸ್‌ಗೆ ಸೂಚನೆ ಕಳಿಸುವಂಥದ್ದಾದರೆ ಬ್ಯಾಟರಿ ಮುಗಿಯುವ ಮೊದಲು ನಾಸ್ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಸಿಡಿಲಿನ ಊರಾದರೆ ಮಳೆಗಾಲದಲ್ಲಿ ಪ್ಲಗ್ ಕಿತ್ತಿಡುವ ನಮ್ಮ ಹಳೆಯ ಅಭ್ಯಾಸವನ್ನೂ ಬಿಡಬೇಡಿ.

ಇನ್ನೊಂದು ತಪ್ಪು ಕಲ್ಪನೆ ನನ್ನನ್ನು ತುಂಬ ಕಾಡುತ್ತದೆ. ಎರಡು ಡಿಸ್ಕ್‌ಗಳನ್ನು ಕನ್ನಡಿಯಂತೆ ಜೋಡಿಸಿದ್ದೇನೆ, ಅದೇ ಬ್ಯಾಕಪ್ ಎಂದು ಬಹಳ ಜನ ನಂಬಿದ್ದಾರೆ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದಿರಲು ಅದು ಉಪಯೋಗ, ಅಷ್ಟೇ. ನೀವು ತಪ್ಪಿ ಅಳಿಸಿದ ಫೋಲ್ಡರ್ ಎರಡರಲ್ಲೂ ಒಮ್ಮೆಗೇ ಅಳಿಯುತ್ತದೆ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ದುಷ್ಟ ತಂತ್ರಾಂಶ ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದ ನಾಸ್‌ಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ಅಲ್ಲಿ ಎಷ್ಟು ಡಿಸ್ಕ್ ಜೋಡಿಸಿದ್ದರೂ ಪ್ರಯೋಜನವಿರಲಿಲ್ಲ. ನಾಸ್ ಅನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆಯಬೇಡಿ, ಕಡತಗಳ ಹಿಂದಿನ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್ ಸೌಲಭ್ಯವಿದ್ದರೆ ಚಾಲನೆಯಲ್ಲಿಡಿ.

ಕ್ಯಾಟಲಾಗಿನ ಬ್ಯಾಕಪ್‌ಗೆ ಮಾತ್ರ ನಾಸ್ ಬಹಳ ಒಳ್ಳೆಯ ಜಾಗ. ಲೈಟ್‌ರೂಮ್ ಮುಚ್ಚುವಾಗಲೆಲ್ಲ ಅಲ್ಲಿಗೆ ಬ್ಯಾಕಪ್ ಹೋಗುವಂತೆ ಹೊಂದಿಸಿಕೊಂಡಿದ್ದೇನೆ, ಒಂದು ದಿನವೂ ತಪ್ಪಿಸುವುದಿಲ್ಲ. ಎಡಿಟ್ ವಿವರಗಳನ್ನು ರಾ ಫೋಟೋಗಳ ಪಕ್ಕದಲ್ಲೇ ಇರುವ ಎಕ್ಸ್‌ಎಂಪಿ ಎಂಬ ಚಿಕ್ಕ ಕಡತಗಳಿಗೂ ತಾನಾಗಿ ಬರೆಯಲಿ ಎಂಬ ಆಯ್ಕೆಯನ್ನೂ ಒತ್ತಿಟ್ಟಿದ್ದೇನೆ. ಕಲೆಕ್ಷನ್‌ಗಳು (ಲೈಟ್‌ರೂಮ್‌ನೊಳಗೆ ಮಾಡಿದ ಫೋಟೋ ಗುಂಪುಗಳು), ವರ್ಚುವಲ್ ಕಾಪಿಗಳು (ಒಂದೇ ಫೋಟೋದ ಬೇರೆ ಬೇರೆ ಎಡಿಟ್‌ಗಳು) ಅದರಲ್ಲಿ ಬರುವುದಿಲ್ಲವಾದರೂ ಕ್ಯಾಟಲಾಗ್ ಕೈಕೊಟ್ಟ ದಿನ ಬಣ್ಣ ಮತ್ತು ಕ್ರಾಪ್ ಉಳಿಯುತ್ತವೆ. ಆ ಆಷಾಢದಲ್ಲಿ ಇದೊಂದು ಇದ್ದಿದ್ದರೂ ಸಾಕಿತ್ತು.

ನಿಮ್ಮ ಹಳೆಯ ಡಿಸ್ಕನ್ನು ಖಾಲಿ ಮಾಡಬೇಡಿ. ಹೊಸದೊಂದನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು, ಹಳೆಯದನ್ನು ಮನೆಯಿಂದ ಹೊರಗಿಡುವ ಪ್ರತಿಯಾಗಿ ಬಳಸಿ. ನನ್ನದು ಅಕ್ಕನ ಮನೆಯ ಬೀರುವಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿದೆ. ತಿಂಗಳಿಗೊಮ್ಮೆ ತಂದು ಹೊಸ ಫೋಟೋಗಳನ್ನು ಸೇರಿಸಿ, ನಾಲ್ಕಾರು ಫೋಲ್ಡರ್ ತೆರೆದು ನೋಡಿ, ಮತ್ತೆ ಅಲ್ಲೇ ಇಟ್ಟು ಬರುತ್ತೇನೆ.