ಅಜ್ಜಿಯ ಕಾಲದ ಬಣ್ಣದ ಗಾಜಿನ ಹೂಜಿ ಎಲ್ಲಿಯದು, ಎಷ್ಟು ಹಳೆಯದು ಅಂತ ಹೇಗೆ ತಿಳಿಯೋದು?

"ಬೆಲ್ಜಿಯಂ ಗ್ಲಾಸ್, 150 ವರ್ಷ ಹಳೆಯದು, ನಾಳೆ ಚೆನ್ನಾಗಿ ತೊಳೆದು ಫೋಟೋ ಹಾಕುತ್ತೇನೆ" ಅಂತ ನಿಮ್ಮ ಅಜ್ಜಿಯ ಹೂಜಿಯ ಬಗ್ಗೆ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ದಯವಿಟ್ಟು ತೊಳೆಯಬೇಡಿ. ಆಗಲೇ ಬಕೆಟ್ಟಿಗೆ ಹಾಕಿದ್ದರೆ ಹೊರಗೆ ತೆಗೆದಿಟ್ಟು ಬನ್ನಿ, ಉಳಿದದ್ದು ಆಮೇಲೆ ಓದಿ.

ನನ್ನ ಚಿಕ್ಕಪ್ಪ ಕುಂದಾಪುರದಿಂದ ಹದಿನಾರನೇ ವಯಸ್ಸಿಗೆ ಮುಂಬೈಗೆ ಬಂದವರು. ಅಲ್ಲಿನ ಫೋರ್ಟ್ ಪ್ರದೇಶದ ಒಂದು ಆಫೀಸ್ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಇದ್ದರು. ಆ ಆಫೀಸಿನ ಒಬ್ಬ ಪಾರ್ಸಿ ಹೆಂಗಸು ಮನೆ ಖಾಲಿ ಮಾಡುವಾಗ ಇವರಿಗೆ ಒಂದು ಹೂಜಿ, ಆರು ಲೋಟ ಕೊಟ್ಟರಂತೆ. ಹಸಿರು ಗಾಜು. ಮೇಲೆ ಬಿಳಿ ಬಣ್ಣದ ಸಣ್ಣ ಸಣ್ಣ ಗಂಟೆ ಹೂವು. ಬಾಯಿಗೆ ಬಂಗಾರದ ಗೆರೆ. ಮಾಟುಂಗಾದ ನಮ್ಮ ಎರಡು ರೂಮಿನ ಮನೆಯ ಶೋಕೇಸಿನಲ್ಲಿ ಅದೇ ರಾಣಿ. ಅದರಲ್ಲಿ ಯಾರೂ ಒಂದು ತೊಟ್ಟು ನೀರು ಕುಡಿದಿಲ್ಲ. ಬಂದವರಿಗೆಲ್ಲ ಚಿಕ್ಕಪ್ಪ "ಬೆಲ್ಜಿಯಂ ಮಾರಾಯಾ, ಬೆಲ್ಜಿಯಂ" ಅನ್ನುತ್ತಿದ್ದರು.

ಅವರು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಮಾರಿದರೆ ಎಷ್ಟು ಸಿಗಬಹುದು ಅಂತ ಆಸೆ. ಕೊಳೆ ಇದ್ದರೆ ಬೆಲೆ ಕಮ್ಮಿ ಕೇಳುತ್ತಾರೆ ಅಂದುಕೊಂಡೆ. ದೀಪಾವಳಿಯ ಹಿಂದಿನ ಭಾನುವಾರ ಒಂದು ಬಕೆಟ್ ಬಿಸಿನೀರಿಗೆ ಸೋಡಾ ಪುಡಿ ಸುರಿದು ಎಲ್ಲವನ್ನೂ ಮುಳುಗಿಸಿಟ್ಟೆ. ಒಂದು ಲೋಟ ಹಾಕಿದ ಕೂಡಲೇ ಟಿಣ್ ಅಂತ ಸೀಳಿತು. ಅದು ಎಚ್ಚರಿಕೆ ಅಂತ ತಿಳಿಯಲಿಲ್ಲ. ಒಂದು ಗಂಟೆ ನೆನೆಯಲಿ ಅಂತ ಟೀ ಕುಡಿಯಲು ಹೋದೆ.

ಬಂದು ನೋಡಿದರೆ ಹೂಜಿಯ ತಳದಲ್ಲಿ ಕಂದು ಬಣ್ಣದ ಏನೋ ಮೆತ್ತಗಾಗಿತ್ತು. ಯಾವುದೋ ಹಳೇ ಸ್ಟಿಕ್ಕರ್ ಅಂದುಕೊಂಡು ಹೆಬ್ಬೆರಳಲ್ಲಿ ತಿಕ್ಕಿದೆ. ಹಿಟ್ಟಿನ ಹಾಗೆ ಉಂಡೆಯಾಗಿ ಬಂತು. ಮೋರಿಗೆ ಬಿಟ್ಟೆ. ಇಷ್ಟೇ ನಾನು ಮಾಡಿದ್ದು.

ಹಳೇ ಸಾಮಾನು ಮಾರುವ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಒಬ್ಬ ಮುದುಕ ವ್ಯಾಪಾರಿಗೆ ತೋರಿಸಿದೆ. ಅವರು ಹೂವಿನ ಕಡೆ ನೋಡಲೇ ಇಲ್ಲ. ಹೂಜಿಯನ್ನು ತಲೆಕೆಳಗೆ ಮಾಡಿ, ಗಡಿಯಾರ ರಿಪೇರಿಯವರ ಹಾಗೆ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ತಳದ ಗುಂಡಿಯನ್ನೇ ನೋಡಿದರು. ಅಲ್ಲಿ ಮೊಟ್ಟೆಯಾಕಾರದ ಅಂಟಿನ ಕಲೆ ಉಳಿದಿತ್ತು. "ಅಣ್ಣಾ, ಇಧರ್ ಚಿಟ್ಠಿ ಥಾ. ಧೋಯಾ ಕಾಯಕೋ?" ಅಂದರು. ಇಲ್ಲಿ ಚೀಟಿ ಇತ್ತು, ಯಾಕೆ ತೊಳೆದೆ ಅಂತ. ಚಿಟ್ಠಿ ಇದ್ದಿದ್ದರೆ ಹನ್ನೆರಡು ಸಾವಿರ, ಈಗ ನಾಲ್ಕು.

ಆ ಚಿಟ್ಠಿಗೆ ಯಾಕಷ್ಟು ಬೆಲೆ ಅಂತ ನನಗೆ ಆಮೇಲೆ ಓದಿ ಓದಿ ಗೊತ್ತಾಯಿತು. ಇಂಥ ಬಣ್ಣದ ಗಾಜು ಜಾಸ್ತಿ ಬಂದದ್ದು ಬೊಹೆಮಿಯಾದಿಂದ, ಅಂದರೆ ಈಗಿನ ಚೆಕ್ ದೇಶದ ಒಂದು ಭಾಗದಿಂದ. ಹೈಡಾ, ಸ್ಟೈನ್‌ಶೋನೌ ಅಂತ ಎರಡು ಊರು, ಈಗ ನೋವಿ ಬೋರ್, ಕಾಮೆನಿಟ್ಸ್ಕಿ ಶೆನೋವ್ ಅನ್ನುತ್ತಾರೆ. ಅಲ್ಲಿ ಊದುವವರು ಬೇರೆ, ಬಣ್ಣ ಹಾಕುವವರು ಬೇರೆ. ಚಿತ್ರ ಬರೆಯುವವರು ಎಷ್ಟೋ ಸಲ ಸ್ವಂತ ಮನೆಯಲ್ಲೇ ಕೂತು ಬರೆಯುತ್ತಿದ್ದರು. ಹಾಗಾಗಿ ಗಾಜಿನ ಮೇಲೆ ಹೆಸರು ಸಿಗೋದು ಅಪರೂಪ. ಸಿಗೋದು ಕಾಗದದ ಚೀಟಿ. 1890ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, ತನ್ನ ದೇಶಕ್ಕೆ ಬರುವ ಮಾಲಿನ ಮೇಲೆ ಹುಟ್ಟಿದ ದೇಶದ ಹೆಸರು ಇರಲೇಬೇಕು ಅಂದಿತು. ಹಾಗಾಗಿ ಹೊರದೇಶಕ್ಕೆ ಹೋಗುವ ಗಾಜಿನ ಚೀಟಿಯಲ್ಲಿ ದೇಶದ ಹೆಸರೂ ಇರಬಹುದು. ಚೆಕೊಸ್ಲೊವಾಕಿಯಾ ಅಂತಿದ್ದರೆ ಮಾತು ಮುಗಿಯಿತು, ಆ ದೇಶ ಹುಟ್ಟಿದ್ದೇ 1918ರಲ್ಲಿ, ಗಾಜು ಅದಕ್ಕಿಂತ ಹಳೆಯದಲ್ಲ. ಬೆರಳಗಲದ ಒಂದು ಕಾಗದ ದೇಶವನ್ನೂ ಹೇಳುತ್ತೆ, ಕಾಲವನ್ನೂ ಹೇಳುತ್ತೆ. ಅದನ್ನೇ ನಾನು ಮೋರಿಗೆ ಬಿಟ್ಟೆ. ತಿಕ್ಕುವಾಗ ಕೊನೆಯಲ್ಲಿ "ಕಿಯಾ" ಅಂತ ಕಂಡ ನೆನಪು. ನಿಜವಾಗಿ ಕಂಡೆನೋ, ಇದನ್ನೆಲ್ಲ ಓದಿದ ಮೇಲೆ ಕಂಡಂತಾಯಿತೋ, ಆಣೆ ಮಾಡಿ ಹೇಳಲಾರೆ.

ಇನ್ನು ನಿಮ್ಮ "ಬೆಲ್ಜಿಯಂ". ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಮುಂಬೈಯಲ್ಲಿ ಹಳೇ ಕನ್ನಡಿ, ಹಳೇ ದೀಪ, ಹಳೇ ಲೋಟ ಎಲ್ಲಾ ಬೆಲ್ಜಿಯಂ. ಬೆಲ್ಜಿಯಂನಲ್ಲಿ ಗಾಜು ಮಾಡುತ್ತಿರಲಿಲ್ಲ ಅಂತಲ್ಲ. ಲಿಯೇಜ್ ಹತ್ತಿರ 1826ರಲ್ಲಿ ಶುರುವಾದ ವಾಲ್ ಸೇಂಟ್ ಲ್ಯಾಂಬರ್ಟ್ ಇದೆ, ಆದರೆ ಅದು ಹೆಸರಾದದ್ದು ಕೆತ್ತನೆ ಮಾಡಿದ ಕ್ರಿಸ್ಟಲ್‌ಗೆ. 150 ವರ್ಷ ಅನ್ನೋದೂ ಅಷ್ಟೇ. ಮನೆಯವರು ಹೇಳೋ ವಯಸ್ಸು ಪ್ರತಿ ತಲೆಮಾರಿಗೂ ಇಪ್ಪತ್ತೈದು ಬೆಳೆಯುತ್ತೆ, ಅಲ್ವಾ?

ಒಣಬಟ್ಟೆ ಹಿಡಿದು ತಿರುಗಿಸಿ ನೋಡಿ. ತಳದ ನಡುವೆ ಮುರಿದ ಗಾಯದ ಹಾಗೆ ಒರಟು ಗುರುತೋ, ಉಜ್ಜಿ ನಯ ಮಾಡಿದ ಗುಂಡಿಯೋ ಇದ್ದರೆ ಸಲಾಕೆಗೆ ಅಂಟಿಸಿ ಕೈಯಲ್ಲಿ ಮಾಡಿದ್ದು. ಆದರೆ ಕೈಯಲ್ಲಿ ಊದುವವರು ಇವತ್ತೂ ಇದ್ದಾರೆ, ಅದೊಂದರಿಂದಲೇ ಹಳೆಯದು ಅನ್ನಬೇಡಿ. ಅಚ್ಚಿನ ಭಾಗಗಳು ಕೂಡುವ ಕಡೆಯ ಗೆರೆ ಬಾಯಿಯವರೆಗೂ ಹೋಗಿದ್ದರೆ ಸಾಮಾನ್ಯವಾಗಿ ಕೈಯಲ್ಲಿ ಊದಿದ್ದಲ್ಲ. ತಳದ ಅಂಚಿನಲ್ಲಿ ಸವೆತ ನೋಡಿ. ಎಷ್ಟೋ ವರ್ಷ ಶೆಲ್ಫಿನ ಮೇಲೆ ಸರಿದಾಡಿದ್ದರೆ ಗೀರುಗಳು ದಿಕ್ಕಾಪಾಲಾಗಿರುತ್ತವೆ. ಎಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ್ದಾರೆ. ಲೆನ್ಸಿನಲ್ಲಿ ಹೂವನ್ನು ನೋಡಿ: ಪೇಪರಿನ ಫೋಟೋದ ಹಾಗೆ ಸಮನಾದ ಚುಕ್ಕೆ ಇದ್ದರೆ ಅದು ಮುದ್ರಿಸಿ ಅಂಟಿಸಿದ್ದು. ಕೈಯದಾದರೆ ಎರಡು ಎಸಳು ಒಂದೇ ತರಹ ಇರಲ್ಲ, ಬೆರಳಿಗೆ ಉಬ್ಬು ಸಿಗುತ್ತೆ. ಬಣ್ಣವನ್ನು ಕುಲುಮೆಯಲ್ಲಿ ಸುಟ್ಟು ಕೂಡಿಸಿದ್ದರೆ ಗಟ್ಟಿ. ಸುಡದೆ ಸುಮ್ನೆ ಬಳಿದಿದ್ದರೆ ಉಗುರಿಗೆ ಏಳುತ್ತೆ, ಹಾಗಂತ ಉಗುರು ಹಾಕಿ ನೋಡಬೇಡಿ ಮತ್ತೆ.

ಕಳ್ಳನೋಟು ನೋಡುವ ನೀಲಿ ಟಾರ್ಚ್ ಹಿಡಿದು ಹಸಿರಾಗಿ ಹೊಳೆದರೆ ಹಳೆಯದು ಅನ್ನೋ ಸಲಹೆ ನಿಮಗೆ ಖಂಡಿತ ಬರುತ್ತೆ. ಅದು ಗಾಜಿನಲ್ಲಿ ಯುರೇನಿಯಂ ಬೆರೆತಿರಬಹುದು ಅಂತ ಹೇಳುತ್ತೆ, ಅಷ್ಟೇ. ಬೊಹೆಮಿಯಾದಲ್ಲಿ 1830ರ ದಶಕದಿಂದ ಅಂಥ ಗಾಜು ಮಾಡಿದ್ದಾರೆ, ಈಗಲೂ ಮಾಡುತ್ತಾರೆ.

ವಿದೇಶದಲ್ಲಿರುವ ಮಗಳಿಗೆ ಕಳಿಸುವ ಯೋಚನೆಯೂ ಇದೆ ಅಂದಿರಿ. ನೂರು ವರ್ಷ ದಾಟಿದ್ದಾದರೆ ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆ ಅದಕ್ಕೂ ತಗಲುತ್ತೆ, ಮನೆಯವರು ಹೊರಗೆ ಕಳಿಸುವ ಹಾಗಿಲ್ಲ. ಅಷ್ಟು ಹಳೆಯದಲ್ಲ ಅಂತ ಪುರಾತತ್ವ ಇಲಾಖೆಯಿಂದ ಪತ್ರ ಮಾಡಿಸಬೇಕಾಗಬಹುದು. ಅಲ್ಲೂ ಚೀಟಿ ಇದ್ದರೆ ಕೆಲಸ ಹಗುರ.

ನಾನು ನಾಲ್ಕು ಸಾವಿರಕ್ಕೆ ಕೊಡಲಿಲ್ಲ. ಹೂಜಿ ಮತ್ತು ಐದು ಲೋಟ ಅದೇ ಶೋಕೇಸಿನಲ್ಲಿವೆ. ನಿಮ್ಮದರ ತಳದ ಫೋಟೋ ಹಾಕಿ, ಕಿಟಕಿ ಬೆಳಕಿನಲ್ಲಿ, ಹತ್ತಿರದಿಂದ. ಹೂವಿನದು ಆಮೇಲೆ ನೋಡೋಣ.