ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಬಿಚ್ಚಿ ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ನಾನೇ ಹಾಕಿಕೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು: ಚಿಕ್ಕಮಗಳೂರಲ್ಲಿ ಮನೆ ಪ್ಲಾನ್ ಹಾಕಿಕೊಡುವ ಆಫೀಸು. ಸೆಕೆಂಡ್ ಹ್ಯಾಂಡಲ್ಲಿ ತಂದ ಡೆಲ್ ಪ್ರಿಸಿಷನ್ ಟವರ್ 5810 ಇದೆ. ಅದರಲ್ಲಿ ಝಿಯಾನ್ ಇ5-1620 ವಿ3 ಪ್ರೊಸೆಸರ್, 16 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಕ್ವಾಡ್ರೊ ಕೆ620 ಕಾರ್ಡ್. ಆಟೋಕ್ಯಾಡ್, ಸ್ಕೆಚ್‌ಅಪ್ ತೆವಳುತ್ತಿವೆ, ಮಳೆ ಹಿಡಿದಾಗ ಒಂದೊಂದು ದಿನ ಡಿಸ್‌ಪ್ಲೇ ಬರುವುದಿಲ್ಲ. 64 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಹೊಸ ಕಾರ್ಡ್ ನಾನೇ ಹಾಕಿಕೊಳ್ಳಲಾ, ಬೆಂಗಳೂರಿಗೆ ಹೊತ್ತುಕೊಂಡು ಹೋಗಲಾ ಅಂತ.

ನೀವೇ ಹಾಕಿಕೊಳ್ಳಿ. ಬಿಚ್ಚಿ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಜನ ದುಡ್ಡು ಕಳೆದುಕೊಳ್ಳುವುದು ಬಿಚ್ಚುವಾಗ ಅಲ್ಲ, ಕೊಳ್ಳುವಾಗ. ವರ್ಕ್‌ಸ್ಟೇಷನ್ ನೋಡಲು ಮಾಮೂಲಿ ಡೆಸ್ಕ್‌ಟಾಪ್ ಥರ ಇದ್ದರೂ ಮಾಮೂಲಿ ಡೆಸ್ಕ್‌ಟಾಪಿನ ಸಾಮಾನು ಇದಕ್ಕೆ ಆಗಿಬರುವುದಿಲ್ಲ.

ಮೊದಲು ರ‍್ಯಾಮ್. ನಿಮ್ಮ ಬೋರ್ಡಿಗೆ ಬೇಕಿರುವುದು ಡಿಡಿಆರ್4 ಇಸಿಸಿ ರಿಜಿಸ್ಟರ್ಡ್ ರ‍್ಯಾಮ್, ಅಂದರೆ ಆರ್‌ಡಿಮ್. ಇಸಿಸಿ ಅಂದರೆ ಮೆಮೊರಿಯ ಸಣ್ಣ ತಪ್ಪನ್ನು ತಾನೇ ಸರಿಪಡಿಸಿಕೊಳ್ಳುವುದು, ರಿಜಿಸ್ಟರ್ಡ್ ಅಂದರೆ ಸಂಕೇತ ಹಿಡಿದು ದಾಟಿಸುವ ಚಿಪ್ ಇರುವುದು. ಐ.ಜಿ. ರೋಡಲ್ಲೋ ಹಾಸನದ ಬಿ.ಎಂ. ರೋಡಲ್ಲೋ ಅಂಗಡಿಗೆ ಹೋಗಿ 'ಡಿಡಿಆರ್4 16 ಜಿಬಿ ಕೊಡಿ' ಅಂದರೆ ಕೊಡುವುದು ಹೆಚ್ಚಾಗಿ ಡೆಸ್ಕ್‌ಟಾಪಿನ ಯುಡಿಮ್. ಎರಡರಲ್ಲೂ ಕಚ್ಚು ಒಂದೇ ಜಾಗದಲ್ಲಿರುವುದರಿಂದ ಅದು ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಮೆಷಿನ್ ಏಳುವುದಿಲ್ಲ, ಪವರ್ ಬಟನ್ ಕಿತ್ತಳೆ ಬಣ್ಣದಲ್ಲಿ ಮಿಟುಕುತ್ತಾ ಇರುತ್ತದೆ. ಹಾಗಾಗಿ ಸ್ಟಿಕರ್ ಓದಿ ಕೊಳ್ಳಿ. 'ಪಿಸಿ4-2133ಪಿ-ಆರ್ಎ0' ಅನ್ನುವ ಥರ ಒಂದು ಸಾಲು ಇರುತ್ತದೆ. ಎರಡನೇ ಅಡ್ಡಗೆರೆ ಆದಮೇಲಿನ ಅಕ್ಷರ ಆರ್ ಆಗಿದ್ದರೆ ರಿಜಿಸ್ಟರ್ಡ್, ಯು ಆಗಿದ್ದರೆ ಡೆಸ್ಕ್‌ಟಾಪಿನದು, ಇ ಆಗಿದ್ದರೆ ಇಸಿಸಿ ಇದ್ದರೂ ರಿಜಿಸ್ಟರ್ಡ್ ಅಲ್ಲ. ಸ್ಟಿಕರ್ ಕಿತ್ತುಹೋಗಿದ್ದರೆ ಪಟ್ಟಿಯ ನಟ್ಟನಡುವೆ ನೋಡಿ. ಆರ್‌ಡಿಮ್‌ನಲ್ಲಿ ಮೆಮೊರಿ ಚಿಪ್‌ಗಳ ಮಧ್ಯೆ ಬೇರೆ ಆಕಾರದ ಒಂದು ರಿಜಿಸ್ಟರ್ ಚಿಪ್ ಕೂತಿರುತ್ತದೆ.

2400 ಸ್ಪೀಡಿನದು ಕಡಿಮೆಗೆ ಸಿಕ್ಕರೆ ಧೈರ್ಯವಾಗಿ ತಗೊಳ್ಳಿ, ನಿಮ್ಮ ಪ್ರೊಸೆಸರಿನಲ್ಲಿ ಅದು 2133ಕ್ಕೇ ಓಡುತ್ತದೆ, ತೊಂದರೆಯಿಲ್ಲ. ಇದು ನಾಲ್ಕು ಚಾನೆಲ್ಲಿನ ಪ್ರೊಸೆಸರ್, ಅಂದರೆ ನಾಲ್ಕು ದಾರಿಯಲ್ಲಿ ಒಟ್ಟಿಗೆ ಮೆಮೊರಿ ಓದುತ್ತದೆ. ಎರಡು 32 ಹಾಕುವುದಕ್ಕಿಂತ ಒಂದೇ ನಮೂನೆಯ ನಾಲ್ಕು 16 ಹಾಕುವುದು ವಾಸಿ. ಹಳೆ ಪಟ್ಟಿಗಳನ್ನು ಜೊತೆಗೆ ಸೇರಿಸಲು ಹೋಗಬೇಡಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸರ್ವರ್‌ಗಳಿಂದ ತೆಗೆದ ಆರ್‌ಡಿಮ್ ಬೇಕಾದಷ್ಟು ಸಿಗುತ್ತದೆ. ಕೆಲಸ ಮಾಡದಿದ್ದರೆ ವಾಪಸ್ ತಗೊಳ್ಳುತ್ತೇನೆ ಅನ್ನುವವರ ಹತ್ತಿರ ಮಾತ್ರ ವ್ಯವಹಾರ ಮಾಡಿ.

ಅಂದಹಾಗೆ ನಿಮಗೆ 64 ಬೇಕೇ ಬೇಕಾ? ಪ್ಲಾನ್, ಎಲಿವೇಷನ್ ಹಾಕುವ ಆಟೋಕ್ಯಾಡಿಗೆ 32 ಧಾರಾಳ. ಆಟೋಕ್ಯಾಡಿನ ಬಹುಪಾಲು ಕೆಲಸ ಪ್ರೊಸೆಸರಿನ ಒಂದೇ ಕೋರ್ ಮೇಲೆ ನಡೆಯುತ್ತದೆ, ರ‍್ಯಾಮ್ ಸುರಿದ ಮಾತ್ರಕ್ಕೆ ವೇಗ ಬರುವುದಿಲ್ಲ. ನಿಮಗೆ ಈಗ ಕಾಣುತ್ತಿರುವ ತೆವಳಾಟದಲ್ಲಿ ಹೆಚ್ಚಿನ ಪಾಲು ತಿರುಗುವ ಹಾರ್ಡ್ ಡಿಸ್ಕಿನದು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ಕಾರ್ಡ್, ಕೊನೆಗೆ ರ‍್ಯಾಮ್. ಇನ್ನೂ ಒಂದು ಮಾತು ಗೊತ್ತಿರಲಿ: ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಇದನ್ನು ಲೆಕ್ಕಕ್ಕಿಟ್ಟುಕೊಂಡೇ ಈ ಮೆಷಿನ್ ಮೇಲೆ ಎಷ್ಟು ಸುರಿಯಬೇಕು ಅಂತ ತೀರ್ಮಾನಿಸಿ.

ಕಾರ್ಡಿನ ವಿಷಯಕ್ಕೆ ಬಂದರೆ, ಸ್ಲಾಟ್‌ನಿಂದ ಸಿಗುವುದು ಗರಿಷ್ಠ 75 ವ್ಯಾಟ್. ಅದರ ಮೇಲೆ 6 ಪಿನ್ ವೈರು ಇನ್ನೊಂದು 75, 8 ಪಿನ್ ವೈರು 150 ವ್ಯಾಟ್ ಕೊಡುತ್ತದೆ. 5810 ಬೇರೆ ಬೇರೆ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಡಬ್ಬ) ಜೊತೆ ಬಂದಿದೆ. ಚಿಕ್ಕದು 425 ವ್ಯಾಟ್‌ನದು, ಆಮೇಲೆ 685, 825. ನಿಮ್ಮದು ಯಾವುದು ಅಂತ ಅದರ ಮೇಲಿನ ಸ್ಟಿಕರ್ ನೋಡಿ, ಒಳಗೆ ಕಾರ್ಡಿಗೆ ಅಂತ ಬಿಟ್ಟಿರುವ ವೈರುಗಳನ್ನು ಎಣಿಸಿ. ಡಿಸ್ಕಿಗೆ ಅಂತ ಇರುವ ಸಾಟಾ ವೈರಿನಿಂದ ಕಾರ್ಡಿಗೆ ಕರೆಂಟ್ ಕೊಡುವ ಅಡಾಪ್ಟರ್ ಮಾರುತ್ತಾರೆ, ಅದು ಬೇಡವೇ ಬೇಡ, ಕನೆಕ್ಟರ್ ಕಾದು ಕರಗಬಹುದು. ಈ ತಲೆನೋವೇ ಬೇಡ ಅಂದರೆ ಹೊರಗಿನ ವೈರು ಕೇಳದ ಕಾರ್ಡ್ ತಗೊಳ್ಳಿ: ಕ್ವಾಡ್ರೊ ಪಿ2000 (5 ಜಿಬಿ, 75 ವ್ಯಾಟ್) ಅಥವಾ ಆರ್‌ಟಿಎಕ್ಸ್ ಎ2000 (6 ಅಥವಾ 12 ಜಿಬಿ, 70 ವ್ಯಾಟ್). ಪಿ2000ದಲ್ಲಿ ಇರುವುದು ನಾಲ್ಕೂ ಡಿಸ್‌ಪ್ಲೇಪೋರ್ಟ್, ಎ2000ದಲ್ಲಿ ನಾಲ್ಕೂ ಮಿನಿ ಡಿಸ್‌ಪ್ಲೇಪೋರ್ಟ್. ನಿಮ್ಮ ಕೆ620ರ ಡಿವಿಐ ಕೇಬಲ್ಲನ್ನು ಎರಡಕ್ಕೂ ಚುಚ್ಚಲಾಗುವುದಿಲ್ಲ. ಕಾರ್ಡ್ ಜೊತೆಗೇ ಸರಿಯಾದ ಕೇಬಲ್ಲೋ ಕನ್ವರ್ಟರೋ ತರಿಸಿಕೊಳ್ಳಿ, ಇಲ್ಲದಿದ್ದರೆ ಕಾರ್ಡ್ ಕೂರಿಸಿ ಮಾನಿಟರ್ ಮುಖ ನೋಡುತ್ತಾ ಕೂರಬೇಕಾಗುತ್ತದೆ.

ಎಸ್‌ಎಸ್‌ಡಿಗೆ ಎರಡು ದಾರಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಆಸುಪಾಸು ಓದುತ್ತದೆ. ಅದನ್ನು 3.5 ಇಂಚಿನ ಜಾಗದಲ್ಲಿ ಕೂರಿಸಲು ಒಂದು ಬ್ರ್ಯಾಕೆಟ್ ಬೇಕು. ಎನ್‌ವಿಎಂಇ, ಅಂದರೆ ಅದಕ್ಕಿಂತ ವೇಗದ ಎಸ್‌ಎಸ್‌ಡಿ, ಹಾಕಬೇಕೆಂದರೆ ಈ ಬೋರ್ಡಿನಲ್ಲಿ ಅದು ಕೂರುವ ಎಂ.2 ಜಾಗವಿಲ್ಲ, ಗ್ರಾಫಿಕ್ಸ್ ಕಾರ್ಡ್ ಕೂರುವಂಥ ಪಿಸಿಐಇ ಸ್ಲಾಟಿಗೆ ಹಾಕುವ ಅಡಾಪ್ಟರ್ ಕಾರ್ಡ್ ಬೇಕು, ಬಯಾಸ್ (ಮೆಷಿನ್ ಏಳಿಸುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಇತ್ತೀಚಿನದಾಗಿರಬೇಕು, ವಿಂಡೋಸ್ ಬೂಟ್ ಆಗುವ ಹೊಸ ವಿಧಾನವಾದ ಯುಇಎಫ್‌ಐ ಮೋಡಿನಲ್ಲಿರಬೇಕು. ಹಳೆ ಲೆಗಸಿ ಮೋಡಿನ ವಿಂಡೋಸನ್ನು ಹಾಗೇ ಎನ್‌ವಿಎಂಇಗೆ ಕ್ಲೋನ್ (ಪೂರ್ತಿ ನಕಲು) ಮಾಡಿದರೆ ಬೂಟ್ ಆಗುವುದಿಲ್ಲ. ನಿಮ್ಮ ಕೆಲಸಕ್ಕೆ ಸಾಟಾ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ವ್ಯತ್ಯಾಸದ ಮುಂದೆ ಸಾಟಾದಿಂದ ಎನ್‌ವಿಎಂಇಗೆ ಹೋದಾಗಿನ ವ್ಯತ್ಯಾಸ ಸಣ್ಣದು.

ಬಿಚ್ಚುವ ಮುಂಚೆ ಮೂರು ಕೆಲಸ. ಕ್ಯಾಬಿನೆಟ್ ಮೇಲಿರುವ 7 ಅಕ್ಷರದ ಸರ್ವಿಸ್ ಟ್ಯಾಗ್ ಹಾಕಿ ಡೆಲ್ ಸೈಟಿನಿಂದ ಇದೇ ಮಾಡೆಲ್ಲಿನ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಬಯಾಸ್‌ಗೆ ಹೋಗಿ ಸಾಟಾ ಮೋಡ್ ಎಎಚ್‌ಸಿಐ ಇದೆಯಾ ರೇಡ್ ಇದೆಯಾ, ಬೂಟ್ ಮೋಡ್ ಯುಇಎಫ್‌ಐ ಇದೆಯಾ ಲೆಗಸಿ ಇದೆಯಾ ನೋಡಿ ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಡಿ. ಈ ಎರಡನೇ ಕೆಲಸ ಯಾಕೆ ಅಂದರೆ, ಹಳೆ ಮೆಷಿನ್ನಿನಲ್ಲಿ ಬಯಾಸ್ ಸೆಟ್ಟಿಂಗ್ ಉಳಿಸುವ ಸಿಆರ್2032 ಬಿಲ್ಲೆ ಸೆಲ್ ಸೋತಿರುತ್ತದೆ. ನೀವು ಪ್ಲಗ್ ಕಿತ್ತು ಎರಡು ಗಂಟೆ ಕೆಲಸ ಮಾಡುವಷ್ಟರಲ್ಲಿ ಬಯಾಸ್ ಎಲ್ಲ ಮರೆತು ಮೊದಲಿನ ಸೆಟ್ಟಿಂಗಿಗೆ ಹೋಗುತ್ತದೆ. ಸಾಟಾ ಮೋಡ್ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬೂಟ್ ಡಿವೈಸ್ ಸಿಗಲಿಲ್ಲ ಅನ್ನುತ್ತದೆ. ಜನ ಹೊಸ ರ‍್ಯಾಮ್ ಮೇಲೆ, ಹೊಸ ಎಸ್‌ಎಸ್‌ಡಿ ಮೇಲೆ ಅನುಮಾನಪಟ್ಟು ಎಲ್ಲ ಕಿತ್ತು ಹಾಕಿ ಮಾಡುತ್ತಾರೆ. ಫೋಟೊ ನೋಡಿ ಮೋಡ್ ವಾಪಸ್ ಇಟ್ಟರೆ ಮುಗಿಯಿತು. ಹೇಗೂ ಬಿಚ್ಚುತ್ತೀರಿ, ಆ ಸೆಲ್ಲನ್ನೂ ಬದಲಿಸಿಬಿಡಿ. ಹೊಸದು 3 ವೋಲ್ಟಿಗೆ ಸ್ವಲ್ಪ ಮೇಲೆ ತೋರಿಸುತ್ತದೆ, ಮಲ್ಟಿಮೀಟರಲ್ಲಿ 2.7ಕ್ಕಿಂತ ಕೆಳಗಿದ್ದರೆ ಎಸೆಯಿರಿ.

ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಮಾನಿಟರ್, ನೆಟ್‌ವರ್ಕ್, ಪ್ರಿಂಟರ್ ಕೇಬಲ್ ಎಲ್ಲ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ. ಕೇಬಲ್ ಎಲ್ಲವನ್ನೂ ತೆಗೆಯಬೇಕು ಅನ್ನುವುದಕ್ಕೆ ಕಾರಣವಿದೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಅರ್ಥಿಂಗ್ ಇರುವುದಿಲ್ಲ. ಆಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕ್ಯಾಬಿನೆಟ್ ಮೈಗೆ ಸುಮಾರು 110 ವೋಲ್ಟ್ ಬಂದಿರುತ್ತದೆ, ಮುಟ್ಟಿದರೆ ಜುಂ ಅನ್ನುತ್ತದೆ. ಕರೆಂಟ್ ಬಲ ಕಡಿಮೆಯಾದ್ದರಿಂದ ಜನಕ್ಕೆ ಏನೂ ಆಗದಿರಬಹುದು, ಆದರೆ ಆನ್ ಇರುವಾಗ ಮಾನಿಟರ್ ಕೇಬಲ್ ಚುಚ್ಚಿದರೆ ಕಾರ್ಡಿನ ಪೋರ್ಟ್ ಸಾಯಲು ಅಷ್ಟೇ ಸಾಕು. ನಿಮ್ಮ ಕ್ಯಾಬಿನೆಟ್ ಜುಂ ಅನ್ನುತ್ತಿದ್ದರೆ ಹೊಸ ಸಾಮಾನು ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್, ಫೇಸ್-ಅರ್ಥ್ ನಡುವೆ 230ರ ಸುತ್ತಮುತ್ತ ಬರಬೇಕು.

ಸ್ಟ್ಯಾಟಿಕ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಹಾಸನದ ಬಯಲು ಕಡೆ ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಹೆದರಿಕೆ ಸರಿಯೇ. ಜಮಖಾನದ ಮೇಲೆ ಕೂತು, ಸಿಂಥೆಟಿಕ್ ಸ್ವೆಟರ್ ಹಾಕಿಕೊಂಡು ಕೆಲಸ ಮಾಡಬೇಡಿ. ಬರಿಗಾಲಲ್ಲಿ ಮರದ ಮೇಜಿನ ಮುಂದೆ ನಿಂತು, ಆಗಾಗ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಕಬ್ಬಿಣ ಮುಟ್ಟುತ್ತಿರಿ. ಜುಲೈಯಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ, ಒಣಹಾಕಿದ ಬಟ್ಟೆ ಮೂರು ದಿನವಾದರೂ ಒಣಗದ ಮನೆಯಲ್ಲಿ, ಶತ್ರು ಸ್ಟ್ಯಾಟಿಕ್ ಅಲ್ಲ, ತೇವ. ನಿಮ್ಮ ಮಳೆಗಾಲದ ಡಿಸ್‌ಪ್ಲೇ ತೊಂದರೆಯ ಮೂಲ ಬಹುಮಟ್ಟಿಗೆ ಇಲ್ಲೇ ಇದೆ. ರ‍್ಯಾಮ್ ಪಟ್ಟಿ ತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಚಿನ್ನದ ಬಣ್ಣದ ಪಿನ್‌ಗಳ ಮೇಲೆ ಮಂಕಾದ ಬೂದು ಪೊರೆ, ಕೆಲವು ಕಡೆ ಕಪ್ಪು ಚುಕ್ಕೆ ಕಾಣುತ್ತದೆ. ಧೂಳು ತೇವ ಹೀರಿಕೊಂಡು ಅಲ್ಲೇ ಅಂಟಿಕೊಂಡಿರುವುದು ಅದು. ಅಂಗಡಿಯಲ್ಲಿ ರಬ್ಬರ್ ಹಿಡಿದು ಉಜ್ಜಿಕೊಡುತ್ತಾರೆ, ಆಗುತ್ತದೆ ಕೂಡ. ಆದರೆ ಒರಟು ರಬ್ಬರ್ ತೆಳುವಾದ ಚಿನ್ನದ ಲೇಪ ಸವೆಸುತ್ತದೆ, ಅದರ ಪುಡಿ ಸ್ಲಾಟ್ ಒಳಗೆ ಬಿದ್ದರೆ ಇನ್ನೊಂದು ತೊಂದರೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತರಿಸಿಕೊಂಡು, ನೂಲು ಬಿಡದ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ, ಐದು ನಿಮಿಷ ಆರಲು ಬಿಡಿ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೀರಿನಂಶ ಇರುತ್ತದೆ, ನಾವು ಓಡಿಸಲು ಹೊರಟಿರುವುದೇ ನೀರನ್ನು. ಹೊಸ ರ‍್ಯಾಮ್‌ಗೆ ದುಡ್ಡು ಕೊಡುವ ಮುಂಚೆ ಇದೊಂದನ್ನು ಮಾಡಿ ನೋಡಿ.

ಧೂಳು ಹೊಡೆಯಲು ಬ್ಲೋಯರ್ ಸರಿ, ಮನೆಯ ಹೊರಗೆ. ಗಾಳಿ ಹಿಡಿಯುವಾಗ ಪ್ರತಿ ಫ್ಯಾನನ್ನೂ ಬೆರಳಲ್ಲಿ ಹಿಡಿದಿಟ್ಟುಕೊಳ್ಳಿ, ಗಿರಗಿರ ಸುತ್ತಲು ಬಿಟ್ಟರೆ ಬೇರಿಂಗ್ ಹಾಳು.

ಕೂರಿಸುವುದು ಬೇಗ ಮುಗಿಯುತ್ತದೆ. ರ‍್ಯಾಮ್ ಸ್ಲಾಟಿನ ಎರಡೂ ತುದಿಯ ಕ್ಲಿಪ್ ಬಿಡಿಸಿ, ಕಚ್ಚು ಹೊಂದಿಸಿ, ಎರಡು ಹೆಬ್ಬೆರಳಲ್ಲಿ ಒತ್ತಿ, 'ಟಕ್' ಅಂತ ಎರಡೂ ಕ್ಲಿಪ್ ತಾವೇ ನಿಲ್ಲಬೇಕು. ಇರುವ 8 ಸ್ಲಾಟಿನಲ್ಲಿ ಯಾವ ನಾಲ್ಕು ಮೊದಲು ಅನ್ನುವುದನ್ನು ಮ್ಯಾನ್ಯುಯಲ್ ನೋಡಿಯೇ ಹಾಕಿ, ತಪ್ಪಿದರೆ ನಾಲ್ಕು ಚಾನೆಲ್ಲಿನ ಲಾಭ ಹೋಗುತ್ತದೆ. ಕಾರ್ಡ್ ತೆಗೆಯುವಾಗ ಸ್ಲಾಟಿನ ಕೊನೆಯಲ್ಲಿ ಒಂದು ಚಿಕ್ಕ ಲಾಕ್ ಇರುತ್ತದೆ, ಅದನ್ನು ಒತ್ತದೆ ಎಳೆದವರು ಸ್ಲಾಟನ್ನೇ ಕಿತ್ತಿದ್ದಾರೆ. ಹಿಂದಿನ ಖಾಲಿ ಕಿಂಡಿಗಳಿಗೆ ತಗಡಿನ ಪಟ್ಟಿ ಮರೆಯದೆ ಹಾಕಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಒಳಗೆ ಸೇರಿ ಬೋರ್ಡ್ ಶಾರ್ಟ್ ಮಾಡುವುದು ನಮ್ಮೂರುಗಳಲ್ಲಿ ಹೊಸದೇನಲ್ಲ.

ಇಷ್ಟು ಆದಮೇಲೆ ಆನ್ ಮಾಡಿದರೆ ಮೊದಲ ಸಲ ಒಂದೆರಡು ನಿಮಿಷ ಪರದೆ ಕಪ್ಪಗೇ ಇರಬಹುದು. ಹೊಸ ಮೆಮೊರಿಯನ್ನು ಬೋರ್ಡ್ ಪರಿಚಯ ಮಾಡಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಆಫ್ ಮಾಡಬೇಡಿ. ಮೆಮೊರಿ ಬದಲಾಗಿದೆ ಅಂತ ಸಂದೇಶ ಬಂದರೆ ಎಫ್1 ಒತ್ತಿ. ಇನ್ನೊಂದು, ಈ ಝಿಯಾನ್ ಪ್ರೊಸೆಸರ್‌ಗೆ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡ್ ತೆಗೆದು ಪರೀಕ್ಷೆ ಮಾಡೋಣ ಅಂತ ಹೊರಟರೆ ಡಿಸ್‌ಪ್ಲೇ ಬರುವ ಪ್ರಶ್ನೆಯೇ ಇಲ್ಲ, ಬೋರ್ಡ್ ಹೋಯಿತು ಅಂದುಕೊಳ್ಳಬೇಡಿ. ಮೂರೂ ಸಾಮಾನು ಒಟ್ಟಿಗೆ ಹಾಕಬೇಡಿ. ರ‍್ಯಾಮ್ ಹಾಕಿ ರಾತ್ರಿಯೆಲ್ಲ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಒಂದೂ ಎರರ್ ಬರದಿದ್ದರೆ ಮಾರನೇ ದಿನ ಕಾರ್ಡ್, ಆಮೇಲೆ ಡಿಸ್ಕ್. ಕ್ಲೋನ್ ಮಾಡಿದ ಮೇಲೆ ಮೊದಲ ಸಲ ಬೂಟ್ ಮಾಡುವಾಗ ಹಳೆ ಹಾರ್ಡ್ ಡಿಸ್ಕಿನ ವೈರು ಕಿತ್ತಿರಿ, ಎರಡೂ ಡಿಸ್ಕಿನ ಗುರುತು ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲ ಮಾಡಿಕೊಳ್ಳುತ್ತದೆ. 1 ಟಿಬಿಯಿಂದ 500 ಜಿಬಿಗೆ ಇಳಿಯುತ್ತಿದ್ದರೆ ಕ್ಲೋನ್‌ಜಿಲ್ಲಾ ಅನ್ನುವ ಕ್ಲೋನ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಪ್ಪುವುದಿಲ್ಲ, ಎಸ್‌ಎಸ್‌ಡಿ ಕಂಪನಿಯದೇ ಕ್ಲೋನ್ ಸಾಫ್ಟ್‌ವೇರ್ ಬಳಸಿ ಅಥವಾ ಹೊಸದಾಗಿ ವಿಂಡೋಸ್ ಹಾಕಿ. ಹಳೆ ಡಿಸ್ಕನ್ನು ಒಂದು ತಿಂಗಳಾದರೂ ಹಾಗೇ ಎತ್ತಿಡಿ.

ಪ್ರೊಸೆಸರಿನ ಬಿಸಿ ಎಳೆಯುವ ಹೀಟ್ ಸಿಂಕ್ ಬಿಚ್ಚುವ ಕೆಲಸ ಬೇಕಾದರೆ ಮಾತ್ರ. ಬಿಸಿ ಎಷ್ಟಿದೆ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿ ರೆಂಡರ್ ಓಡಿಸಿದಾಗ ಪ್ರೊಸೆಸರ್ 80 ಡಿಗ್ರಿ ದಾಟುತ್ತಿದ್ದರೆ ಅವೆರಡರ ನಡುವೆ ಬಿಸಿ ದಾಟಿಸುವ ಪೇಸ್ಟ್ ಒಣಗಿ ಗೋಡೆ ಸುಣ್ಣದ ಹಕ್ಕಳೆಯಂತಾಗಿರಬಹುದು. ಹತ್ತು ನಿಮಿಷ ಮೆಷಿನ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ನಾಲ್ಕು ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ನೇರ ಎಳೆಯದೆ ಎಡಬಲ ತಿರುಚಿ ಎತ್ತಿ. ಹಳೆ ಪೇಸ್ಟ್ ಆಲ್ಕೊಹಾಲಲ್ಲಿ ಒರೆಸಿ ಬಟಾಣಿ ಗಾತ್ರದಷ್ಟು ಹೊಸದು ನಡುವೆ ಇಟ್ಟರೆ ಆಯಿತು. ಪ್ರೊಸೆಸರ್ ಎತ್ತಲು ಹೋಗಬೇಡಿ. 2011 ಪಿನ್ ಇರುವುದು ಸಾಕೆಟ್ಟಿನಲ್ಲಿ, ಒಂದು ಬಾಗಿದರೂ ಒಂದು ರ‍್ಯಾಮ್ ಚಾನೆಲ್ಲೋ ಇಡೀ ಬೋರ್ಡೋ ಹೋಗುತ್ತದೆ. ಅದನ್ನೂ, ಎಸ್‌ಎಂಪಿಎಸ್ ಡಬ್ಬ ಬಿಚ್ಚಿ ಒಳಗೆ ಕೈ ಹಾಕುವುದನ್ನೂ ತಿಳಿದವರಿಗೆ ಬಿಡಿ. ಎಸ್‌ಎಂಪಿಎಸ್ ಪೂರ್ತಿ ಹೋದರೆ ಅಂಗಡಿಯ ಮಾಮೂಲಿ ಎಟಿಎಕ್ಸ್ ಇದಕ್ಕೆ ಕೂರುವುದಿಲ್ಲ, ಇದೇ ಮಾಡೆಲ್ಲಿನದನ್ನೇ ಹುಡುಕಬೇಕು.

ಆ ಎಸ್‌ಎಂಪಿಎಸ್ ಉಳಿಯಬೇಕಾದರೆ ಮನೆ ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್‌ನಲ್ಲಿ ಇವು ಗುಂಯ್‌ಗುಟ್ಟುತ್ತವೆ, ಕೆಲವು ಸಲ ಕರೆಂಟ್ ಹೋದ ಕ್ಷಣವೇ ಆಫ್ ಆಗುತ್ತವೆ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ನಿಮ್ಮ ಪ್ರೊಸೆಸರ್ ಒಂದೇ 140 ವ್ಯಾಟಿನದು, ಕಾರ್ಡ್, ಡಿಸ್ಕ್, ಎರಡು ಮಾನಿಟರ್ ಸೇರಿದರೆ ಅದು ಬಿಗಿಯಾಗುತ್ತದೆ, 1000 ವಿಎ ತಗೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಯುಪಿಎಸ್ ನಂಬಿಕೊಂಡು ಕೂರದೆ ಪ್ಲಗ್ ಕಿತ್ತಿಡಿ, ಜೊತೆಗೆ ನೆಟ್ ಕೇಬಲ್ಲನ್ನೂ. ಜೂನ್‌ನಿಂದ ಆಗಸ್ಟ್‌ವರೆಗೆ ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಮೆಷಿನ್ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.