ವಾರ್ದಾಗೆ ಪಾಮ್ ದೋರ್ ಬಂದಿತ್ತಾ?
ಫ್ರೆಂಚ್ ಚಿತ್ರ ನಿರ್ದೇಶಕಿ ಆನ್ಯೆಸ್ ವಾರ್ದಾ ಅವರಿಗೆ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್, ಆಸ್ಕರ್ ಎರಡೂ ಬಂದಿವೆಯಾ ಅಂತ ಕೇಳಿದ್ದೀರಿ. ಬಂದಿವೆ, ಆದರೆ ಎರಡೂ ಗೌರವ ಪ್ರಶಸ್ತಿಗಳು. ಕಾನ್‌ನವರು 2015ರಲ್ಲಿ ಕೊಟ್ಟರು, ಆಸ್ಕರ್‌ನವರು 2017ರಲ್ಲಿ. ಸ್ಪರ್ಧೆಯಲ್ಲಿ ಗೆದ್ದದ್ದಲ್ಲ.

ಸ್ಪರ್ಧೆಯಲ್ಲಿ ಗೆದ್ದ ದೊಡ್ಡ ಪ್ರಶಸ್ತಿ ಅಂದ್ರೆ 1985ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್, 'ವ್ಯಾಗಬಾಂಡ್' ಚಿತ್ರಕ್ಕೆ. ಮೋನಾ ಅನ್ನುವ ಅಲೆಮಾರಿ ಹುಡುಗಿ ಚಳಿಗೆ ಸೆಟೆದು ಗುಂಡಿಯಲ್ಲಿ ಸತ್ತು ಬಿದ್ದಿದ್ದಾಳೆ, ಅಲ್ಲಿಂದಲೇ ಸಿನಿಮಾ ಶುರು. ಅವಳ ಮೇಲೆ ಅಯ್ಯೋ ಪಾಪ ಅನ್ನಿಸೋಕೂ ನಿರ್ದೇಶಕಿ ಸುಲಭಕ್ಕೆ ಬಿಡೋದಿಲ್ಲ. ಆ ಪಾತ್ರಕ್ಕೆ ಸಾಂದ್ರೀನ್ ಬೊನೇರ್ ಅವರಿಗೆ ಫ್ರಾನ್ಸಿನ ಸೆಸಾರ್ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 1965ರಲ್ಲಿ, 'ಲ ಬೊನರ್' ಚಿತ್ರಕ್ಕೆ ಬರ್ಲಿನ್ ಚಿತ್ರೋತ್ಸವದಲ್ಲಿ ಸಿಲ್ವರ್ ಬೇರ್ ಪ್ರಶಸ್ತಿ ಸಿಕ್ಕಿತ್ತು.

2018ರಲ್ಲಿ 'ಫೇಸಸ್ ಪ್ಲೇಸಸ್' ಸಾಕ್ಷ್ಯಚಿತ್ರ ಆಸ್ಕರ್‌ಗೆ ನಾಮನಿರ್ದೇಶನ ಆದಾಗ ಅವರಿಗೆ 89 ವರ್ಷ. ನಾಮನಿರ್ದೇಶಿತರ ಊಟದ ಕೂಟಕ್ಕೆ ಅವರು ಹೋಗಲಿಲ್ಲ. ಸಹನಿರ್ದೇಶಕ ಜೆಆರ್, ವಾರ್ದಾ ಅವರ ಆಳೆತ್ತರದ ರಟ್ಟಿನ ಚಿತ್ರಗಳನ್ನೇ ಅಲ್ಲಿಗೆ ಹೊತ್ತೊಯ್ದರು! ಪ್ರಶಸ್ತಿ ಮಾತ್ರ ಬೇರೆಯವರ ಪಾಲಾಯಿತು.

ನೋಡೋಕೆ ಶುರು ಮಾಡೋದಾದ್ರೆ ಪ್ರಶಸ್ತಿ ಪಟ್ಟಿ ಪಕ್ಕಕ್ಕಿಡಿ, 1962ರ 'ಕ್ಲಿಯೊ ಫ್ರಮ್ 5 ಟು 7' ಹಾಕಿ. ಕಾನ್ ಸ್ಪರ್ಧೆಯಲ್ಲಿತ್ತು, ಪಾಮ್ ದೋರ್ ಬರಲಿಲ್ಲ. ನನಗಂತೂ ಅದೇ ಹೆಚ್ಚು ಇಷ್ಟ.